ಆಪತ್ಕಾಲದ ದೂರವಾಣಿ: ಲೈನು ಹೆಚ್ಚಿಸಿದರಷ್ಟೇ ಸಾಲದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಪ್ರದೇಶದ ಆರ್ಥಿಕ ಜೀವನಾಡಿ ಸಿಮೆಂಟು ಮತ್ತು ಹಾಸುಗಲ್ಲು. ಗಣಿ, ಕಾರ್ಖಾನೆ, ಪಾಲಿಶ್ ಘಟಕ ಮತ್ತು ಲಾರಿ ಸಾಗಣೆ ಕಚೇರಿಗಳನ್ನು ನಂಬಿ ಆಡಕಿ, ಮುಧೋಳ, ಕೋಡ್ಲಾದಂತಹ ಊರುಗಳ ಅನೇಕ ಕುಟುಂಬಗಳು ಬದುಕುತ್ತಿವೆ. ಅವಘಡದ ಸುದ್ದಿ ಹಬ್ಬಿದೊಡನೆ ಈ ಮನೆಗಳವರು ದುಡಿಯುವ ಜಾಗದ ಕಚೇರಿಗೇ ಕರೆ ಮಾಡುವುದು ಸಹಜ. ಆ ಕರೆಗೆ ಉತ್ತರ ದೊರೆಯುವಂತೆ ನೋಡಿಕೊಳ್ಳುವುದು ಉದ್ಯಮಿಯ ಹೊಣೆ.

ಇದು ಕೇವಲ ಊಹೆಯ ಮಾತಲ್ಲ. 2020ರ ಅಕ್ಟೋಬರ್ ಮಧ್ಯಭಾಗದ ಮಳೆಗೆ ಕಾಗಿಣಾ ನದಿ ಉಕ್ಕಿ, ಮಳಖೇಡದ ಬಳಿ ಸೇಡಂ–ಕಲಬುರಗಿ ಸಂಚಾರ ಕಡಿದುಹೋಗಿತ್ತು. ಮರುವರ್ಷ ಅಕ್ಟೋಬರ್ 11ರ ರಾತ್ರಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಪರಿಸರದಲ್ಲಿ 4.1 ತೀವ್ರತೆಯ ಭೂಕಂಪನ ಸಂಭವಿಸಿ ಜನರು ಮನೆ ಬಿಟ್ಟು ಬಯಲಿಗೆ ಬಂದರು. ಇಂತಹ ಗಳಿಗೆಯಲ್ಲಿ ಕರೆಗಳು ಒಂದಾದ ಮೇಲೊಂದು ಬರುವುದಿಲ್ಲ. ಎಲ್ಲವೂ ಒಮ್ಮೆಲೇ ಬರುತ್ತವೆ.

ಈ ಒತ್ತಡವನ್ನು ಅಳೆಯುವ ಲೆಕ್ಕವನ್ನು ಕೋಪನ್‌ಹೇಗನ್ ದೂರವಾಣಿ ಕಂಪನಿಯ ಗಣಿತಜ್ಞ ಎ.ಕೆ. ಎರ್ಲಾಂಗ್ 1917ರಲ್ಲೇ ರೂಪಿಸಿದ್ದರು. ಎರಡು ಲೈನುಗಳ ಕಚೇರಿಗೆ ಗಂಟೆಗೆ 10 ಕರೆ ಬಂದು, ಪ್ರತಿಯೊಂದೂ 3 ನಿಮಿಷ ನಡೆದರೆ, ಅವರ ಸೂತ್ರದಂತೆ ನೂರಕ್ಕೆ ಸುಮಾರು 8 ಕರೆಗಳಿಗೆ ಲೈನು ಸಿಗುವುದಿಲ್ಲ. ಆಪತ್ತಿನ ದಿನ ಗಂಟೆಗೆ 60 ಕರೆ ಬಂದರೆ ಈ ಪ್ರಮಾಣ 53ಕ್ಕೆ ಏರುತ್ತದೆ. ಲೈನು ಸಿಗದವರು ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ವಾಸ್ತವ ಸ್ಥಿತಿ ಇನ್ನೂ ಕಠಿಣ.

ಪರಿಹಾರವೆಂದರೆ ಹೆಚ್ಚುವರಿ ಲೈನು ಎಂಬುದು ಸಾಮಾನ್ಯ ನಂಬಿಕೆ. ಲೈನುಗಳನ್ನು ನಾಲ್ಕಕ್ಕೆ ಏರಿಸಿದರೆ ವಿಫಲ ಕರೆಗಳು ನೂರಕ್ಕೆ 21ಕ್ಕೆ ಇಳಿಯುತ್ತವೆ, ನಿಜ. ಆದರೆ ಇದ್ದ ಎರಡೇ ಲೈನುಗಳಲ್ಲಿ ಪ್ರತಿ ಕರೆಯನ್ನು 1 ನಿಮಿಷದಲ್ಲಿ ಮುಗಿಸಿದರೆ ವಿಫಲ ಕರೆಗಳು 20ಕ್ಕೆ ಇಳಿಯುತ್ತವೆ. ಎಂದರೆ, ಹಣ ತೆತ್ತು ಪಡೆಯುವ ಲಾಭವನ್ನು ಶಿಸ್ತಿನಿಂದಲೇ ಪಡೆಯಬಹುದು. ಎರಡೂ ಕೂಡಿದರೆ ವಿಫಲ ಕರೆಗಳು ನೂರಕ್ಕೆ ಎರಡಕ್ಕಿಂತಲೂ ಕಡಿಮೆ.

ಆ ಶಿಸ್ತು ತಾನಾಗಿ ಬರುವುದಿಲ್ಲ. ದೂರವಾಣಿಯ ಪಕ್ಕದಲ್ಲೇ ಆಯಾ ಪಾಳಿಯ ಹಾಜರಿ ಪಟ್ಟಿ ಇರಬೇಕು. ಯಾರು ಸುರಕ್ಷಿತ, ಯಾರ ಮಾಹಿತಿ ಇನ್ನೂ ಬಂದಿಲ್ಲ, ಮತ್ತೆ ಯಾವಾಗ ತಿಳಿಸಲಾಗುವುದು ಎಂಬ ಮೂರು ಮಾತುಗಳನ್ನು ಹೇಳುವ ಅಧಿಕಾರ ಕರೆ ಸ್ವೀಕರಿಸುವವರಿಗೆ ಇರಬೇಕು. 'ಸಾಹೇಬರನ್ನು ಕೇಳಿ ಹೇಳುತ್ತೇವೆ' ಎಂಬ ಉತ್ತರ ಲೈನನ್ನೂ ತಡೆಯುತ್ತದೆ, ಆತಂಕವನ್ನೂ ಬೆಳೆಸುತ್ತದೆ. ರಾತ್ರಿ ಹೊತ್ತು ಗೇಟಿನ ಕಾವಲುಗಾರನೇ ಕರೆ ಸ್ವೀಕರಿಸುವುದಾದರೆ ತರಬೇತಿ ಮೊದಲು ಸಲ್ಲಬೇಕಾದುದು ಅವನಿಗೇ.

ಯಂತ್ರದ ವ್ಯವಸ್ಥೆ ಇದಕ್ಕೆ ಪೂರಕವಾಗಿರಲಿ. ಒಂದು ಲೈನು ನಿರತವಾಗಿದ್ದರೆ ಕರೆ ತಾನಾಗಿಯೇ ಮುಂದಿನ ಲೈನಿಗೆ ಹಾಯುವ ಹಂಟಿಂಗ್ ಸೌಲಭ್ಯ ಸಣ್ಣ ಕಚೇರಿಗೆ ಸಾಕು. ದೊಡ್ಡ ಕಾರ್ಖಾನೆಗೆ ಏಕಕಾಲಕ್ಕೆ 30 ಕರೆಗಳನ್ನು ಹೊರುವ ಪಿಆರ್‌ಐ ಸಂಪರ್ಕ ಸೂಕ್ತ. ಸಾರ್ವಜನಿಕರಿಗೆ ತಿಳಿಸದ ಒಂದು ಲೈನನ್ನು ಹೊರಕರೆಗಾಗಿಯೇ ಮೀಸಲಿಡುವುದು ಅತ್ಯವಶ್ಯ. ಒಳಬರುವ ಕರೆಗಳ ನಡುವೆ ಸಿಲುಕಿ, 108 ಅಥವಾ 112ಕ್ಕೆ ಕಚೇರಿಯಿಂದಲೇ ಕರೆ ಹೋಗದಿದ್ದರೆ ಅದಕ್ಕಿಂತ ದೊಡ್ಡ ವೈಫಲ್ಯವಿಲ್ಲ. ತಾಮ್ರದ ತಂತಿಯ ಹಳೆಯ ದೂರವಾಣಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಫೈಬರ್ ಮೋಡೆಮ್ ಮತ್ತು ಇಪಿಎಬಿಎಕ್ಸ್‌ಗಳಿಗೆ ಕಚೇರಿಯದೇ ಬ್ಯಾಟರಿ ಬೇಕು. ಆಪತ್ತಿನ ವೇಳೆ ಮೊಬೈಲಿಗೆ ಕರೆ ವರ್ಗಾಯಿಸಿದರಾಯಿತು ಎನ್ನುವವರೂ ಒಂದು ಸಂಗತಿ ಗಮನಿಸಬೇಕು. ಮೊಬೈಲಿನಲ್ಲಿ ಯುಎಸ್‌ಎಸ್‌ಡಿ ಸಂಕೇತ ಒತ್ತಿ ಕರೆ ವರ್ಗಾಯಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಆದೇಶಿಸಿತ್ತು. ಆದ್ದರಿಂದ ಆಯಾ ಕಂಪನಿಯಲ್ಲಿ ಲಭ್ಯವಿರುವ ವಿಧಾನವನ್ನು ಮೊದಲೇ ವಿಚಾರಿಸಿ, ಪರೀಕ್ಷಿಸಿ ಇಟ್ಟುಕೊಳ್ಳುವುದು ಲೇಸು.

ಸಣ್ಣ ವ್ಯಾಪಾರಿಗೆ ಇದೆಲ್ಲ ದುಬಾರಿ ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಉತ್ತರ ಸಹಕಾರದಲ್ಲಿದೆ. ಸೇಡಂನ ಕಚೇರಿಯಲ್ಲಿ ಉಕ್ಕಿದ ಕರೆಗಳನ್ನು ವಾಡಿಯ ಕಚೇರಿ, ವಾಡಿಯವನ್ನು ಚಿಂಚೋಳಿಯ ಕಚೇರಿ ಸ್ವೀಕರಿಸುವಂತೆ ಪರಸ್ಪರ ಒಪ್ಪಂದ ಏರ್ಪಟ್ಟರೆ ಹೆಚ್ಚಿನ ವೆಚ್ಚವಿಲ್ಲ. ಒಂದೂರಿನ ಸಂಪರ್ಕ ಕಡಿದರೂ ಮತ್ತೊಂದೂರಿನ ದೂರವಾಣಿ ಮಾತನಾಡುತ್ತದೆ. ಹಾಜರಿ ಪಟ್ಟಿಯ ಪ್ರತಿಯೊಂದು ಆ ಜೊತೆ ಕಚೇರಿಗೂ ತಲುಪುವಂತಿರಬೇಕು, ಅಷ್ಟೆ. ವಾಣಿಜ್ಯ ಮಂಡಳಿಗಳು ಮಳೆಗಾಲಕ್ಕೆ ಮುನ್ನ ಇಂತಹ ಜೋಡಿಗಳನ್ನು ಗುರುತಿಸಿ, ಒಮ್ಮೆ ಅಣಕು ಪರೀಕ್ಷೆ ನಡೆಸುವುದು ಉಚಿತ.

ಸರಕು ತಡವಾದರೆ ಗ್ರಾಹಕ ಕಾಯಬಲ್ಲ. ಮಗ ಪಾಳಿಯಿಂದ ಮರಳದ ರಾತ್ರಿ ಆಡಕಿಯ ತಾಯಿ ಕಾಯಲಾರಳು. ಕಚೇರಿಯ ದೂರವಾಣಿ ವ್ಯವಸ್ಥೆಯನ್ನು ಅಳೆಯಬೇಕಾದುದು ಆ ಒಂದು ಕರೆಯಿಂದ.