ಬಲಕ್ಕೆ ಸೊಕ್ಕಿದವನು, ಬಲ ಮರೆತವನು

ದೊಡ್ಡ ಹುಡುಗರು ಆಡುವ ‘ಬ್ಲ್ಯಾಕ್ ಮಿಥ್: ವುಕಾಂಗ್’ ಎಂಬ ಚೀನಾದ ವಿಡಿಯೊ ಗೇಮ್ 2024ರ ಆಗಸ್ಟ್ 20ರಂದು ಬಂತು. ಕಾರಟಗಿಯ ನಮ್ಮ ಮನೆ ಕಟ್ಟೆಯ ಮೇಲೆ ಕಾಲೇಜು ಓದುವ ಮೊಮ್ಮಗ ಮತ್ತು ಅವನ ಗೆಳೆಯನದು ಅದರದೇ ಮಾತು.

“ಆ ಹುಲಿ ರಾಕ್ಷಸನ ಕೈಯಾಗ ಇಪ್ಪತ್ತು ಸಲ ಸೋತೀನಿ,” ಎಂದ ಗೆಳೆಯ.

“ಕಾದಾಟ ಇರ್ಲಿ, ಕಥಿ ನೋಡಲೇ. ಪ್ರತಿ ಅಧ್ಯಾಯದ ಕೊನಿಗೆ ಬರೋ ಚಿತ್ರ ನೋಡಿದ್ರ ರಾಕ್ಷಸರ ಮ್ಯಾಲೂ ಕನಿಕರ ಬರತೈತಿ,” ಎಂದ ಮೊಮ್ಮಗ.

“ವುಕಾಂಗ್ ಅಂದ್ರ ನಮ್ಮ ಹನುಮಪ್ಪನೇನೋ?” ಎಂದೆ.

“ಅಲ್ಲ ತಾತಾ, ಇಂವ ಬ್ಯಾರೆ.”

ನಿಜ. ವುಕಾಂಗ್ 16ನೇ ಶತಮಾನದ ಚೀನೀ ಕಾದಂಬರಿಯ ವಾನರರಾಜ. ಅಲ್ಲಿ ಅವನು ಕಾಯುವ ಭಿಕ್ಷುವಿಗೆ ಮೂಲ, ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಯಾತ್ರಿಕ ಹ್ಯುಯೆನ್ ತ್ಸಾಂಗ್. ಬಲದ ಸೊಕ್ಕಿನಿಂದ ಸ್ವರ್ಗಕ್ಕೇ ತಿರುಗಿಬಿದ್ದ ವುಕಾಂಗ್ 500 ವರ್ಷ ಬೆಟ್ಟದಡಿ ಸೆರೆಯಾದ. ನಮ್ಮ ಪಕ್ಕದ ಅಂಜನಾದ್ರಿಯಲ್ಲಿ ಹುಟ್ಟಿದನೆಂದು ನಾವು ನಂಬುವ ಹನುಮಂತನೋ ತನ್ನ ಬಲವನ್ನೇ ಮರೆತಿದ್ದ. ಹಿರಿಯ ಜಾಂಬವಂತ ನೆನಪಿಸಬೇಕಾಯಿತು.

ಇದನ್ನು ಹೇಳಿದೊಡನೆ ಹುಡುಗರು “ಆಮ್ಯಾಲೆ?” ಎಂದರು.

ಅಜ್ಜ-ಅಜ್ಜಿಯರೇ, ಗೇಮ್ ಕಂಡ ಕೂಡಲೇ ಗದರಬೇಡಿ. ‘ಕಥೆ ಎಲ್ಲಿಗೆ ಬಂತು?’ ಎಂದು ಕೇಳಿ. ಮಕ್ಕಳೇ, ನಿಮ್ಮ ಕಥೆ ಹೇಳಿ ಹಾಗೇ ಎದ್ದು ಹೋಗಬೇಡಿ. ಅವರ ಹತ್ತಿರವೂ ಒಂದು ಕಥೆ ಇರುತ್ತದೆ.