ಬ್ಯಾಟರಿ ಪೆಟ್ಟಿಗೆ: ವ್ಯಾಟ್ ಬಿಡಿ, ಯೂನಿಟ್ ಕೇಳಿ

ನಮ್ಮ ಪಕ್ಕದ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿ ನೀರಿನಿಂದ 240 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ಕೇಂದ್ರವಿದೆ. ಆದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯಿತೆಂದರೆ ಅಘನಾಶಿನಿ ದಂಡೆಯ ನಮ್ಮ ಕೇರಿಗೆ ಒಂದು ದಿನ, ಕೆಲವೊಮ್ಮೆ ಎರಡು ದಿನ ಕರೆಂಟಿಲ್ಲ. ಬೆಳಕಿಗೆ ಚಿಮಣಿ ಉಂಟು. ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್‌ಗೆ, ಕೋಳಿ ಲಸಿಕೆಗೆ ಎಂತ ಮಾಡುವುದು?

ಇದಕ್ಕೆಂದೇ ಈಗ ಪೋರ್ಟೆಬಲ್ ಪವರ್ ಸ್ಟೇಷನ್ ಎಂಬ ಬ್ಯಾಟರಿ ಪೆಟ್ಟಿಗೆ ತೋರಿಸುತ್ತಾರೆ. ಒಳಗೆ ಲಿಥಿಯಂ ಬ್ಯಾಟರಿ, ಹೊರಗೆ ಪ್ಲಗ್ಗು, ಮೇಲೊಂದು ಹಿಡಿಕೆ. ವಸ್ತು ಒಳ್ಳೆಯದೇ. ಆದರೆ ಮಾರುವವರು '600 ವ್ಯಾಟ್', '1000 ವ್ಯಾಟ್' ಎಂದು ದೊಡ್ಡ ಅಕ್ಷರದಲ್ಲಿ ಹಾಕುತ್ತಾರಲ್ಲ, ನಮಗೆ ಬೇಕಾದ ಲೆಕ್ಕ ಅದಲ್ಲ ಎಂಬುದೇ ನನ್ನ ತಕರಾರು. ವ್ಯಾಟ್ ಅಂದರೆ ನಲ್ಲಿಯ ಅಗಲ. ವ್ಯಾಟ್-ಅವರ್ ಅಂದರೆ ಹಂಡೆಯಲ್ಲಿರುವ ನೀರು. ನಲ್ಲಿ ಎಷ್ಟೇ ಅಗಲವಿರಲಿ, ಹಂಡೆ ಸಣ್ಣದಾದರೆ ಬೇಗ ಖಾಲಿ. 1000 ವ್ಯಾಟ್-ಅವರ್ ಅಂದರೆ ನಮ್ಮ ಕರೆಂಟ್ ಬಿಲ್ಲಿನ ಬರೇ ಒಂದು ಯೂನಿಟ್. ಕೊಳ್ಳುವವ ಮೊದಲು ಕೇಳಬೇಕಾದದ್ದು, ಇದರಲ್ಲಿ ಎಷ್ಟು ಯೂನಿಟ್ ಹಿಡಿಯುತ್ತದೆ ಎಂದು.

ಎರಡನೆಯದು, ನಮ್ಮ ಫ್ರಿಜ್ ದಿನಕ್ಕೆ ಎಷ್ಟು ತಿನ್ನುತ್ತದೆ? ನನ್ನದು ಮಳೆ ನಂಬಿದ ಮಕ್ಕಿ ಗದ್ದೆ. ಮಳೆಗಾಲಕ್ಕೆ ಭತ್ತ, ಆಮೇಲೆ ಶೇಂಗಾ. ಜೊತೆಗೆ ಒಂದು ಹಸು, ಇಪ್ಪತ್ತು ಊರಕೋಳಿ. ತಾಯಿಗೆ ಇನ್ಸುಲಿನ್ ಬೇಕು. ಪ್ರವಾಸದವರು ಕಾರಿನಲ್ಲಿ ಒಯ್ಯುತ್ತಾರಲ್ಲ, ಅಂಥ 12 ವೋಲ್ಟಿನ 30 ಲೀಟರ್ ಕಂಪ್ರೆಸರ್ ಫ್ರಿಜ್ ನಮ್ಮಲ್ಲಿದೆ. ಬ್ಯಾಟರಿ ಪೆಟ್ಟಿಗೆ ತರುವ ಮೊದಲು ಪ್ಲಗ್ಗಿಗೆ ಸಣ್ಣ ಮೀಟರ್ ಸಿಕ್ಕಿಸಿ ಅಳೆದೆ. ಮೇ ತಿಂಗಳ ಸೆಕೆಯಲ್ಲಿ 24 ಗಂಟೆಗೆ 400 ವ್ಯಾಟ್-ಅವರ್ ಚಿಲ್ಲರೆ, ಜುಲೈಯಲ್ಲಿ 300ರ ಆಸುಪಾಸು. ನಿಮ್ಮದು ಬೇರೆ ಇರಬಹುದು, ಅಳೆದೇ ನೋಡಿ. ಕಂಪ್ರೆಸರ್ ಇಲ್ಲದ ಅಗ್ಗದ ಕೂಲರ್ ಪೆಟ್ಟಿಗೆಗಳೂ ಉಂಟು. ಅವು ಎಡೆಬಿಡದೆ ಕರೆಂಟು ತಿನ್ನುತ್ತವೆ, ನಮ್ಮ ಸೆಕೆಗೆ ಔಷಧಿಗೆ ಬೇಕಾದಷ್ಟು ತಂಪು ಕೊಡುವುದಿಲ್ಲ. ಅವು ಬೇಡ.

ಮೂರನೆಯದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ 230 ವೋಲ್ಟಿನ ಪ್ಲಗ್ಗೂ ಇರುತ್ತದೆ, ಕಾರಿನಲ್ಲಿರುವಂಥ 12 ವೋಲ್ಟಿನ ತೂತೂ ಇರುತ್ತದೆ. 230ರ ಸ್ವಿಚ್ ಹಾಕಿಟ್ಟರೆ ಒಳಗಿನ ಇನ್ವರ್ಟರ್ ಸುಮ್ಮನೆ ಕೂತರೂ ಗಂಟೆಗೆ ಹತ್ತು ವ್ಯಾಟ್-ಅವರ್‌ನಷ್ಟು ತಿನ್ನಬಹುದು. ದಿನಕ್ಕೆ 240 ಆಯಿತು! ಫ್ರಿಜ್ ತಿನ್ನುವುದರ ಅರ್ಧಕ್ಕಿಂತ ಹೆಚ್ಚು ದಂಡ. ಒಂದು ಯೂನಿಟಿನ ಪೆಟ್ಟಿಗೆ 12 ವೋಲ್ಟಿನಲ್ಲಿ ನಮ್ಮ ಫ್ರಿಜ್ಜನ್ನು ಎರಡು ದಿನ ನಡೆಸೀತು. 230ರಲ್ಲಿ ನಡೆಸಿದರೆ ಒಂದೂವರೆ ದಿನವೂ ಬರಲಿಕ್ಕಿಲ್ಲ. ಕೆಲವು ಪೆಟ್ಟಿಗೆಗಳು ಕಂಪ್ರೆಸರ್ ವಿಶ್ರಾಂತಿಗೆ ನಿಂತಾಗ ಕೆಲಸವಿಲ್ಲವೆಂದು ತಿಳಿದು ತಾವೇ ಬಂದ್ ಆಗುತ್ತವೆ. ರಾತ್ರಿ ಹೀಗಾದರೆ ಬೆಳಿಗ್ಗೆ ಔಷಧಿ ಬೆಚ್ಚಗೆ. ಆ 'ಇಕೋ' ವ್ಯವಸ್ಥೆಯನ್ನು ತೆಗೆದಿಡಲು ಬರುತ್ತದೋ ಇಲ್ಲವೋ ಅಂಗಡಿಯಲ್ಲೇ ಮಾಡಿಸಿ ನೋಡಬೇಕು.

ಬ್ಯಾಟರಿಯ ಜಾತಿಯನ್ನೂ ಕೇಳಿ. ಲಿಥಿಯಂ ಐರನ್ ಫಾಸ್ಫೇಟ್ ತುಸು ಭಾರ. ಆದರೆ ಎರಡು-ಮೂರು ಸಾವಿರ ಸಲ ಚಾರ್ಜ್ ಮಾಡಲು ಬರುತ್ತದೆ, ಬೇರೆ ಲಿಥಿಯಂಗಿಂತ ಬೆಂಕಿಯ ಭಯವೂ ಕಡಿಮೆ. ಬೆಲೆಯನ್ನು ವ್ಯಾಟ್-ಅವರ್‌ನಿಂದ ಭಾಗಿಸಿ ಹೋಲಿಸಿ. ಯಾವುದು ಅಗ್ಗ, ಯಾವುದು ತುಟ್ಟಿ ತಿಳಿಯುತ್ತದೆ. ಭಟ್ಕಳ ಬದಿಯವರು ಗಲ್ಫಿನಲ್ಲಿರುವ ನೆಂಟರಿಗೆ ತರಲು ಹೇಳಬೇಡಿ. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ.

ಸೋಲಾರ್ ತಟ್ಟೆ ಜೊತೆಗೆ ಕೊಡುತ್ತೇವೆ ಎಂದರೆ ಹಿಗ್ಗಬೇಡಿ. ಏಪ್ರಿಲಿನಲ್ಲಿ ಸರಿ. ನಮಗೆ ಕರೆಂಟು ಕೈಕೊಡುವುದು ಮೋಡ ಕವಿದ ಆಷಾಢದಲ್ಲಿ. ಆಗ ತಟ್ಟೆಯಿಂದ ಬರುವುದು ಅತ್ಯಲ್ಪ. ಕರೆಂಟು ಬಂದ ಎರಡು ತಾಸಿನಲ್ಲಿ ತುಂಬಿಕೊಳ್ಳುವ ಪೆಟ್ಟಿಗೆಯೇ ನಮಗೆ ಉಪಯೋಗ. ಉಪ್ಪುಗಾಳಿ, ಎರಚಲು ತಾಗದಂತೆ ಒಳಕೋಣೆಯಲ್ಲಿಡಿ.

ಇನ್ನು ಎಲ್ಲರಿಗೂ ಇದು ಬೇಕೋ? ಮನೆಯಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇದ್ದವರಿಗೆ ಬೇಡ. ಅದರಲ್ಲಿ 1800 ವ್ಯಾಟ್-ಅವರ್ ಇದೆ. ಸೀಸದ ಬ್ಯಾಟರಿ ಬಾಳಬೇಕೆಂದು ಅರ್ಧವೇ ಬಳಸಿದರೂ ಸಣ್ಣ ಫ್ರಿಜ್ಜಿಗೆ ಒಂದು ದಿನ ಸಾಕು. ಮೀನು, ಬಳಚು ಇಡಲಿಕ್ಕಂತೂ ಬೇಡವೇ ಬೇಡ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 93 ವ್ಯಾಟ್-ಅವರ್‌ನಷ್ಟು ಶಾಖ ಹೀರುತ್ತದೆ. ಮೀನಿಗೆ ಮಂಜುಗಡ್ಡೆಗಿಂತ ಅಗ್ಗದ ದಾರಿಯಿಲ್ಲ.

ಬೇಕಾದದ್ದು ಔಷಧಿಗೆ. ಒಡೆಯದ ಇನ್ಸುಲಿನ್ ಸೀಸೆಗೂ ಲಸಿಕೆಗೂ 2ರಿಂದ 8 ಡಿಗ್ರಿ ಬೇಕು; ಇನ್ಸುಲಿನ್ ಹೆಪ್ಪುಗಟ್ಟಿದರೆ ಎಸೆಯುವುದೇ. ಈ ಪ್ರವಾಸಿ ಫ್ರಿಜ್ಜುಗಳು ಸೊನ್ನೆಗಿಂತ ಕೆಳಗೂ ಹೋಗುತ್ತವೆ. 5ಕ್ಕೆ ಇಟ್ಟು ಒಳಗೊಂದು ಥರ್ಮಾಮೀಟರ್ ಹಾಕಿ, ಸೀಸೆಯನ್ನು ಗೋಡೆಗೆ ತಾಗಿಸಬೇಡಿ. ಕರೆಂಟಿರುವಾಗಲೇ ನಾಲ್ಕು ಬಾಟಲಿ ನೀರು ತಂಪು ಮಾಡಿ ಒಳಗಿಟ್ಟರೆ ಅದೂ ಒಂದು ಉಳಿತಾಯವೇ.

ಕಡೆಯ ಮಾತು. ಮನೆಗೊಂದು ಕೊಳ್ಳುವಷ್ಟು ದುಡ್ಡು ಮಳೆ ನಂಬಿದವರ ಹತ್ತಿರ ಎಲ್ಲಿಂದ ಬರಬೇಕು? ಕೊಳ್ಳಬೇಕಾದ್ದೂ ಇಲ್ಲ. ಒಂದು ಕೇರಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಮೂವರಿದ್ದರೆ ಮೂವರ ಸೀಸೆಗೂ ಒಂದು ಫ್ರಿಜ್ ಸಾಕು, ಅದಕ್ಕೆ ಒಂದು ಪೆಟ್ಟಿಗೆ ಸಾಕು. ನಾವು ಮೂರು ಮನೆಯವರು ದುಡ್ಡು ಹಾಕಿ ಒಂದು ಯೂನಿಟಿನದು ತಂದಿದ್ದೇವೆ. ಕೋಳಿಗೆ ಲಸಿಕೆ ಹಾಕುವ ದಿನ ಅದೇ ಪೆಟ್ಟಿಗೆ, ಅದೇ ಫ್ರಿಜ್ ಮನೆಯಿಂದ ಮನೆಗೆ ಹೋಗುತ್ತವೆ. ಪಂಪು ಬಾಡಿಗೆಗೆ ಕೊಟ್ಟು ತಂದು ಮಾಡುವ ನಮಗೆ ಇದೇನು ಹೊಸದಲ್ಲ. ಹಿಡಿಕೆ ಇಟ್ಟದ್ದು ಹೊತ್ತುಕೊಂಡು ಹೋಗಲಿಕ್ಕೇ ಅಲ್ಲವೇ? ಬೇರೆ ಅನುಭವವಿದ್ದವರು ಬರೆಯಲಿ. ಬರೆಯುವಾಗ ದಯವಿಟ್ಟು ಯೂನಿಟ್ ಲೆಕ್ಕವನ್ನೂ ಹಾಕಲಿ.