ಬೆರಳಿನ ಚುರುಕಿಗೆ ಲಿಂಗವೇ ಕಾರಣವೇ?

ಬೆಳಕು ಹರಿಯುವ ಮುನ್ನವೇ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ರಸ್ತೆಬದಿಗಳಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಸ್ಸಿಗೆ ಕಾಯುವ ಹುಡುಗಿಯರ ಗುಂಪು ಈಗ ನಮ್ಮ ಜಿಲ್ಲೆಯ ನಿತ್ಯದ ದೃಶ್ಯ. ನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಂತೆ ಈ ಗುಂಪೂ ಬೆಳೆದಿದೆ. ಮೊಬೈಲ್ ಫೋನಿನಂಥ ಸೂಕ್ಷ್ಮ ವಸ್ತುಗಳ ಜೋಡಣೆಗೆ ಯುವತಿಯರನ್ನೇ ಹೆಚ್ಚಾಗಿ ಆರಿಸಿಕೊಳ್ಳುವುದೇಕೆ ಎಂದು ಕೇಳಿ ನೋಡಿ. ಉತ್ತರ ಸಿದ್ಧವಾಗಿರುತ್ತದೆ: ಹೆಣ್ಣುಮಕ್ಕಳ ಬೆರಳು ಚುರುಕು, ತಾಳ್ಮೆ ಹೆಚ್ಚು, ಅದು ಪ್ರಕೃತಿಯೇ ಕೊಟ್ಟ ವರ, ವಿಜ್ಞಾನವೂ ಅದನ್ನೇ ಹೇಳಿದೆ.

ಹೊಗಳಿಕೆಯಂತೆ ಕೇಳಿಸುವ ಈ ಮಾತಿಗೆ ಇನ್ನೊಂದು ಮುಖವಿದೆ. ನಾನು ಗಣಿತ ಪಾಠ ಹೇಳಿದ ವಿದ್ಯಾರ್ಥಿನಿಯೊಬ್ಬಳು ಎಸ್ಸೆಸ್ಸೆಲ್ಸಿ ಮುಗಿಸಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರುತ್ತೇನೆಂದಾಗ, ಓದಿಕೊಂಡ ಸೋದರಮಾವನೇ ಅಡ್ಡಬಂದರು. ಗಂಡಸರ ಮಿದುಳು ಯಂತ್ರಕ್ಕೆ, ಹೆಂಗಸರ ಮಿದುಳು ಮಾತಿಗೆ ರೂಪುಗೊಂಡಿದೆ ಎಂಬ ‘ಸಂಶೋಧನೆ’ಯ ಸುದ್ದಿಯೊಂದು ಅವರ ಮೊಬೈಲಿನಲ್ಲಿತ್ತು. ಯಂತ್ರ ಜೋಡಿಸುವ ಬೆಂಚಿಗೆ ಆ ಹುಡುಗಿ ಸಲ್ಲುತ್ತಾಳೆ, ಅದೇ ಯಂತ್ರ ಕೆಟ್ಟಾಗ ರಿಪೇರಿ ಮಾಡುವ ಕೆಲಸಕ್ಕೆ ಸಲ್ಲುವುದಿಲ್ಲ! ಎರಡೂ ಕೆಲಸಗಳ ಸಂಬಳದ ಅಂತರವನ್ನು ಮಾತ್ರ ಯಾರೂ ಪ್ರಸ್ತಾಪಿಸಲಿಲ್ಲ.

ಆದ್ದರಿಂದ ಇಂಥ ಅಧ್ಯಯನಗಳನ್ನು ಕಣ್ಣುಮುಚ್ಚಿ ಒಪ್ಪುವ ಅಥವಾ ಸಾರಾಸಗಟಾಗಿ ತಳ್ಳಿಹಾಕುವ ಮೊದಲು ಅವುಗಳನ್ನು ಒಮ್ಮೆ ಸರಿಯಾಗಿ ಓದುವುದು ಒಳಿತು. ಬೆರಳಿನ ವಿಚಾರದಿಂದಲೇ ಆರಂಭಿಸೋಣ. ಪರ್ಡ್ಯೂ ಪೆಗ್‌ಬೋರ್ಡ್ ಎಂಬ ಪರೀಕ್ಷೆಯೊಂದಿದೆ. ಹಲಗೆಯ ಸಣ್ಣ ರಂಧ್ರಗಳಿಗೆ ಸಣ್ಣ ಕಡ್ಡಿಗಳನ್ನು ನಿಗದಿತ ಸಮಯದಲ್ಲಿ ಎಷ್ಟು ಸಿಕ್ಕಿಸಬಲ್ಲಿರಿ ಎಂಬುದೇ ಅದರ ಅಳತೆ. ಇದರಲ್ಲಿ ಮಹಿಳೆಯರು ಸರಾಸರಿ ಮುಂದಿರುವುದು ನಿಜ. ಆದರೆ 1990ರಲ್ಲಿ ಮೈಕೇಲ್ ಪೀಟರ್ಸ್ ಮತ್ತು ಸಂಗಡಿಗರು ಯಾರಿಗೂ ಹೊಳೆಯದಿದ್ದ ಸರಳ ಕೆಲಸವೊಂದನ್ನು ಮಾಡಿದರು: ಪರೀಕ್ಷೆಗೆ ಕುಳಿತವರ ಬೆರಳುಗಳ ಗಾತ್ರವನ್ನೂ ಅಳೆದರು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಗಂಡು-ಹೆಣ್ಣಿನ ವ್ಯತ್ಯಾಸ ಮಾಯವಾಯಿತು. ಸಣ್ಣ ಕಡ್ಡಿಯನ್ನು ಹಿಡಿಯಲು ತೆಳುವಾದ ಬೆರಳು ಅನುಕೂಲ, ಅಷ್ಟೆ. ಲಿಂಗದ ಗುಣವೆಂದು ತಿಳಿದದ್ದು ಬೆರಳಿನ ಅಳತೆಯಾಗಿತ್ತು.

ಅಭ್ಯಾಸದ ಪಾತ್ರವೂ ಇದೆ. ನಮ್ಮ ಕಡೆಯ ಹೆಣ್ಣುಮಗು ಎಂಟು ಹತ್ತು ವರ್ಷಕ್ಕೇ ಹೂ ಕಟ್ಟುತ್ತದೆ, ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತದೆ, ಹುಣಸೆಹಣ್ಣಿನ ಬೀಜ ತೆಗೆಯುತ್ತದೆ, ಅವರೆಕಾಲ ಬಂತೆಂದರೆ ರಾತ್ರಿಯವರೆಗೂ ಕಾಳು ಹಿದುಕುತ್ತದೆ. ಆ ಹೊತ್ತಿನಲ್ಲಿ ಅಣ್ಣ ಕ್ರಿಕೆಟ್ ಆಡುತ್ತಿರುತ್ತಾನೆ. ಹತ್ತು ವರ್ಷದ ಈ ಸಂಬಳವಿಲ್ಲದ ತರಬೇತಿಯನ್ನು ಕಾರ್ಖಾನೆ ಬಾಗಿಲಲ್ಲಿ ‘ಸಹಜ ಗುಣ’ ಎಂದು ಕರೆದುಬಿಟ್ಟರೆ ಅದಕ್ಕೆ ಬೆಲೆ ಕಟ್ಟಬೇಕಾದ ಹೊಣೆ ತಪ್ಪುತ್ತದೆ. ಡಯಾನ್ ಎಲ್ಸನ್ ಮತ್ತು ರೂತ್ ಪಿಯರ್ಸನ್ ಎಂಬ ವಿದ್ವಾಂಸರು 1981ರಷ್ಟು ಹಿಂದೆಯೇ ಇದನ್ನು ಎತ್ತಿ ತೋರಿಸಿದ್ದರು. ಪೌರ್ವಾತ್ಯ ಹೆಣ್ಣುಮಕ್ಕಳ ಕೈಚಳಕವನ್ನು ವಿದೇಶಿ ಬಂಡವಾಳಗಾರರಿಗೆ ಬಣ್ಣಿಸಿ ಮಲೇಷ್ಯಾ ಹೊರತಂದಿದ್ದ ಕೈಪಿಡಿಯನ್ನು ಅವರು ಉದಾಹರಿಸಿದ್ದರು.

ಮಿದುಳಿನ ಕಥೆ ಇನ್ನೂ ಸ್ವಾರಸ್ಯಕರ. ಮಿದುಳಿನ ಎರಡು ಭಾಗಗಳನ್ನು ಬೆಸೆಯುವ ನರತಂತುಗಳ ಕಟ್ಟಿನ ಹಿಂಭಾಗ ಹೆಂಗಸರಲ್ಲಿ ದೊಡ್ಡದು ಎಂದು 1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧವೊಂದು ಬಂತು. ಹೆಂಗಸರು ಏಕಕಾಲಕ್ಕೆ ಹಲವು ಕೆಲಸ ಮಾಡಬಲ್ಲರು ಎಂಬ ಜನಪ್ರಿಯ ನಂಬಿಕೆಗೆ ಅದು ಬಹುಕಾಲ ಊರುಗೋಲಾಯಿತು. ಅಲ್ಲಿ ಅಳೆದ ಮಿದುಳುಗಳೆಷ್ಟು ಗೊತ್ತೆ? ಒಟ್ಟು 14, ಅವುಗಳಲ್ಲಿ ಹೆಣ್ಣಿನವು 5. ಮುಂದೆ 1997ರಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಆ ವ್ಯತ್ಯಾಸಕ್ಕೆ ಆಧಾರ ಸಿಗಲಿಲ್ಲ. ಮೊದಲನೆಯದು ಸುದ್ದಿಯಾಯಿತು, ಎರಡನೆಯದು ಗ್ರಂಥಾಲಯ ಸೇರಿತು. ವ್ಯತ್ಯಾಸ ಸಿಕ್ಕರೆ ಪ್ರಕಟಣೆ, ಸಿಗದಿದ್ದರೆ ಮೇಜಿನ ಖಾನೆ ಎಂಬ ಈ ರೂಢಿ ಬರೀ ಪತ್ರಕರ್ತರದಲ್ಲ, ವಿಜ್ಞಾನಿಗಳದೂ ಹೌದು. ಇಪ್ಪತ್ತು ಬಗೆಯ ಹೋಲಿಕೆ ಮಾಡಿದರೆ ಒಂದರಲ್ಲಾದರೂ ಬರಿಯ ಆಕಸ್ಮಿಕದಿಂದಲೇ ‘ಗಮನಾರ್ಹ ವ್ಯತ್ಯಾಸ’ ಕಾಣಿಸಿಕೊಳ್ಳುವ ಸಂಭವವೇ ಹೆಚ್ಚು ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠ.

ಸೋದರಮಾವನ ಮೊಬೈಲಿನಲ್ಲಿದ್ದದ್ದು ಬಹುಶಃ 2013ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನದ ವರದಿ. 8ರಿಂದ 22 ವರ್ಷದ 949 ಮಂದಿಯ ಮಿದುಳಿನ ಸ್ಕ್ಯಾನ್ ಅದಕ್ಕೆ ಆಧಾರ. ಗಂಡಸರು ನಕ್ಷೆ ಓದುವುದರಲ್ಲಿ ನಿಪುಣರು ಎಂದು ಪತ್ರಿಕೆಗಳು ಬರೆದವು. ಆದರೆ ಆ ಅಧ್ಯಯನದಲ್ಲಿ ಯಾರ ಕೈಗೂ ನಕ್ಷೆ ಕೊಟ್ಟಿರಲಿಲ್ಲ! ಎರಡೇ ವರ್ಷದಲ್ಲಿ, 2015ರಲ್ಲಿ, ಡಾಫ್ನಾ ಜೋಯೆಲ್ ತಂಡ 1,400ಕ್ಕೂ ಹೆಚ್ಚು ಮಿದುಳುಗಳ ಚಿತ್ರಗಳನ್ನು ಪರಿಶೀಲಿಸಿ, ಎಲ್ಲ ಅಂಶಗಳಲ್ಲೂ ‘ಗಂಡು’ ಅಥವಾ ಎಲ್ಲ ಅಂಶಗಳಲ್ಲೂ ‘ಹೆಣ್ಣು’ ಆಗಿರುವ ಮಿದುಳು ಅಪರೂಪ, ಹೆಚ್ಚಿನವು ಎರಡರ ಬೆರಕೆ ಎಂದು ಹೇಳಿತು.

ಇನ್ನು ಸರಾಸರಿಯ ಭ್ರಮೆ. ಶ್ರೀನಿವಾಸಪುರದ ಮಂಡಿಗೆ ಎರಡು ತೋಪುಗಳ ತೋತಾಪುರಿ ಬಂದಿದೆ, ಒಂದು ತೋಪಿನ ಹಣ್ಣು ಸರಾಸರಿ ಹತ್ತು ಗ್ರಾಂ ಹೆಚ್ಚು ತೂಗುತ್ತದೆ ಎಂದುಕೊಳ್ಳಿ. ಒಂದೇ ಒಂದು ಹಣ್ಣನ್ನು ಕೈಗೆ ಕೊಟ್ಟು ಯಾವ ತೋಪಿನದೆಂದು ಕೇಳಿದರೆ ಪಳಗಿದ ಮಂಡಿ ಮಾಲೀಕನೂ ಹೇಳಲಾರ. ಎದುರಿಗೆ ನಿಂತ ಒಬ್ಬ ಹುಡುಗಿಯ ಬುದ್ಧಿಯನ್ನು ಮಾತ್ರ ನಾವು ಸರಾಸರಿಯಿಂದಲೇ ತೂಗುತ್ತೇವೆ.

ಇದೇ ಜಿಲ್ಲೆಯ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಕ್ಕೆ ಹತ್ತು ವರ್ಷ ಮುಂಚೆ ಯಾರಾದರೂ ಕೆಜಿಎಫ್ ಸುರಂಗದಲ್ಲಿ ಸಮೀಕ್ಷೆ ನಡೆಸಿದ್ದರೆ, ನೆಲದಡಿಯ ಕೆಲಸಗಾರರೆಲ್ಲ ಗಂಡಸರೇ ಎಂಬ ನಿಖರ ಅಂಕಿಅಂಶ ಸಿಗುತ್ತಿತ್ತು. ಅದರಿಂದ ಹೆಣ್ಣಿನ ದೇಹಪ್ರಕೃತಿಯ ಬಗ್ಗೆ ಸಿದ್ಧಾಂತವನ್ನೂ ಕಟ್ಟಬಹುದಿತ್ತು. 1952ರ ಗಣಿ ಕಾಯ್ದೆ ಹೆಂಗಸರು ಭೂಗತ ಗಣಿಯಲ್ಲಿ ದುಡಿಯುವುದನ್ನೇ ನಿಷೇಧಿಸಿತ್ತೆಂಬುದನ್ನು ಮರೆತರೆ ಸಾಕು. ಷರತ್ತುಗಳೊಂದಿಗೆ ಆ ನಿರ್ಬಂಧ ಸಡಿಲವಾದದ್ದು 2019ರಲ್ಲಿ.

ಹಾಗೆಂದು ಭೇದಗಳೇ ಇಲ್ಲವೆಂದು ವಾದಿಸುವುದೂ ಅವೈಜ್ಞಾನಿಕ. ಜೋಲ್ಪಿಡೆಮ್ ಎಂಬ ನಿದ್ರೆಮಾತ್ರೆ ಹೆಂಗಸರ ದೇಹದಲ್ಲಿ ನಿಧಾನವಾಗಿ ಕರಗುತ್ತದೆಂದು 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅವರಿಗೆ ಪ್ರಮಾಣವನ್ನು ಅರ್ಧಕ್ಕಿಳಿಸುವಂತೆ ಸೂಚಿಸಿದರು. ಅಂಥ ವ್ಯತ್ಯಾಸಗಳನ್ನು ಹುಡುಕದೇ ಇರುವುದು ಅಪಾಯಕಾರಿ. ನಮಗೆ ಹಿತವಾದ ಫಲಿತಾಂಶಗಳ ಬಗ್ಗೆಯೂ ಇದೇ ಎಚ್ಚರ ಬೇಕು. ‘ಹೆಣ್ಣುಮಕ್ಕಳಿಗೆ ಗಣಿತ ಬಾರದು’ ಎಂಬ ಮಾತನ್ನು ನೆನಪಿಸಿದರೆ ಸಾಕು, ಅವರ ಅಂಕ ಕುಸಿಯುತ್ತದೆ ಎಂಬ ಅಧ್ಯಯನವನ್ನು ನಾನೇ ಹಲವು ವರ್ಷ ತರಗತಿಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದೆ. 2018ರಲ್ಲಿ ನೆದರ್ಲೆಂಡ್ಸ್‌ನ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಅದನ್ನು ಪರೀಕ್ಷಿಸಿದಾಗ ಅಂಥ ಪರಿಣಾಮ ಕಾಣಲಿಲ್ಲ. ಈಗ ಹೇಳುವುದನ್ನು ಬಿಟ್ಟಿದ್ದೇನೆ.

ನಮ್ಮ ದೇಶದ್ದೇ ಆದ ಅಧ್ಯಯನವೊಂದು ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. 2011ರಲ್ಲಿ ಪ್ರಕಟವಾದ ಅದರಲ್ಲಿ ಈಶಾನ್ಯ ಭಾರತದ ಎಂಟು ಹಳ್ಳಿಗಳ ಸುಮಾರು 1,300 ಜನರಿಗೆ ನಾಲ್ಕು ತುಂಡುಗಳ ಚಿತ್ರ ಜೋಡಿಸಲು ಕೊಡಲಾಗಿತ್ತು. ಗಂಡಸರಿಗೇ ಆಸ್ತಿ ಹೋಗುವ ಕಾರ್ಬಿ ಜನರಲ್ಲಿ ಗಂಡಸರು ವೇಗವಾಗಿ ಜೋಡಿಸಿದರು. ಕಿರಿಯ ಮಗಳಿಗೆ ಆಸ್ತಿ ಬರುವ ಖಾಸಿ ಜನರಲ್ಲಿ ಅಂತರವೇ ಕಾಣಲಿಲ್ಲ. ಎರಡೇ ಸಮುದಾಯಗಳ ಹೋಲಿಕೆಯೆಂಬ ಮಿತಿ ಇದಕ್ಕೂ ಇದೆ. ಆದರೂ ಹತ್ತಿರದ ನೆರೆಹೊರೆಯಲ್ಲೇ ಅಳಿಸಿಹೋಗುವ ಅಂತರವನ್ನು ಪ್ರಕೃತಿನಿಯಮವೆಂದು ಕರೆಯುವುದು ಕಷ್ಟ.

ಪ್ರತಿವರ್ಷ ಫಲಿತಾಂಶದ ದಿನ ‘ಬಾಲಕಿಯರೇ ಮೇಲುಗೈ’ ಎಂಬ ತಲೆಬರಹ ಓದುತ್ತೇವೆ. ಅವರ ಮಿದುಳು ಗಣಿತಕ್ಕೆ ಹೇಳಿ ಮಾಡಿಸಿದ್ದೆಂದು ಆಗ ಯಾರೂ ಅನ್ನುವುದಿಲ್ಲ. ‘ಪಾಪ, ಕಷ್ಟಪಟ್ಟು ಓದುತ್ತವೆ’ ಎನ್ನುತ್ತೇವೆ. ಹುಡುಗ ಗೆದ್ದರೆ ಬುದ್ಧಿ, ಹುಡುಗಿ ಗೆದ್ದರೆ ಶ್ರಮ. ಬೆರಳಿನ ವಿಚಾರಕ್ಕೆ ಬಂದಾಗ ಮಾತ್ರ ಶ್ರಮವೂ ಪ್ರಕೃತಿಯಾಗುತ್ತದೆ.

ನಮ್ಮ ಕನಿಷ್ಠ ವೇತನದ ಪಟ್ಟಿಗಳಲ್ಲಿ ಅಕುಶಲ, ಅರೆಕುಶಲ, ಕುಶಲ ಎಂಬ ದರ್ಜೆಗಳಿವೆ. ಹೆಣ್ಣಿನ ಬೆರಳು ಅಷ್ಟೊಂದು ಅಪರೂಪದ್ದೆಂದು ನಂಬುವವರು ನರಸಾಪುರದ ಬಸ್ಸು ಹತ್ತುವ ಹುಡುಗಿಯರನ್ನು ಅದರಲ್ಲಿ ಯಾವ ದರ್ಜೆಗೆ ಸೇರಿಸುತ್ತಾರೆ?